ಸರಾಸರಿ ಸ್ಪೀಡ್ ಬರೆದಿದ್ದು ಸಾಕು, ಕೊನೇ ಫೋನಿಗೆ ಎಷ್ಟು ಸಿಗುತ್ತೆ ಅಂತ ಬರೀರಿ

ಸಂಪಾದಕರಿಗೆ ನಮಸ್ಕಾರ,

ಮೊಬೈಲ್ ನೆಟ್‌ವರ್ಕ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬಂದಾಗಲೆಲ್ಲ ಎರಡೇ ಅಂಕಿ ಕಾಣುತ್ತೆ, ಗರಿಷ್ಠ ಸ್ಪೀಡ್ ಎಷ್ಟು ಮತ್ತೆ ಸರಾಸರಿ ಸ್ಪೀಡ್ ಎಷ್ಟು, ಅಷ್ಟರ ಮೇಲೆ ಯಾರು ಮೊದಲು ಯಾರು ಕೊನೆ ಅಂತ ಪಟ್ಟಿ ಆಗಿಬಿಡುತ್ತೆ. ನಾನು ದೊಡ್ಡ ಕಟ್ಟಡಗಳ ಒಳಗೆ ಸಿಗ್ನಲ್ ತಲುಪಿಸೋ ಕೆಲಸದಲ್ಲಿ ಇರೋನು, ಅಂದ್ರೆ ಒಂದೇ ಜಾಗದಲ್ಲಿ ದೊಡ್ಡ ಆಂಟೆನಾ ನಿಲ್ಲಿಸೋ ಬದಲು ಸಣ್ಣ ಸಣ್ಣ ಆಂಟೆನಾಗಳನ್ನ ಮಹಡಿ ಮಹಡಿಗೂ ಹರಡಿ ಹಾಕೋ ಕೆಲಸ. ಆ ಅನುಭವದಿಂದ ಹೇಳ್ತೀನಿ, ಈ ಎರಡು ಅಂಕಿ ನೋಡಿದ್ರೆ ನೆಟ್‌ವರ್ಕ್ ಜನಕ್ಕೆ ಹೆಂಗೆ ಸಿಗ್ತಿದೆ ಅಂತ ಗೊತ್ತಾಗೋದೇ ಇಲ್ಲ. ಸಿಗ್ನಲ್ ಸಿಗದೇ ಕಿಟಕಿ ಹತ್ರ ಹೋಗಿ ನಿಲ್ಲೋ ಮನುಷ್ಯ ಸರಾಸರಿಯೊಳಗೆ ಕರಗಿ ಹೋಗ್ತಾನೆ, ಅವನು ಲೆಕ್ಕಕ್ಕುಂಟು ಆಟಕ್ಕಿಲ್ಲ. ಇದಕ್ಕೆ ಬರೀ ಅಳೆಯೋ ವಿಧಾನ ಕಾರಣ ಅಲ್ಲ, ಇರೋ ಪವರನ್ನ ಯಾವ ಫೋನಿಗೆ ಎಷ್ಟು ಹಂಚಬೇಕು ಅನ್ನೋ ನಿಯಮದಲ್ಲೇ ಮೂಲ ಇದೆ, ಅದನ್ನ ನಿಮ್ಮ ಓದುಗರಿಗೆ ಬಿಡಿಸಿ ಹೇಳೋಣ ಅಂತ ಈ ಪತ್ರ, ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳ್ಳಿ.

ರೇಡಿಯೋ ಸಿಗ್ನಲ್ ದೂರ ಹೋದಂಗೆಲ್ಲ ಸೊರಗುತ್ತೆ. ಏನೂ ಅಡ್ಡ ಇಲ್ಲದ ಬಯಲಲ್ಲಿ ದೂರ ಎರಡು ಪಟ್ಟಾದ್ರೆ ತಲುಪೋ ಪವರ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ಗೋಡೆ, ಕಾಂಕ್ರೀಟು, ಕಟ್ಟಡಗಳು ತುಂಬಿರೋ ಕಡೆ ಹದಿನಾರನೇ ಒಂದು ಭಾಗಕ್ಕೂ ಇಳಿಯಬಹುದು. ಕಟ್ಟಡದೊಳಗೆ ಮೀಟರ್ ಹಿಡ್ಕೊಂಡು ಕಾರಿಡಾರ್ ಉದ್ದಕ್ಕೂ ನಡೆದು ನೋಡಿದ್ರೆ ಇದು ಕಣ್ಣಿಗೇ ಕಾಣುತ್ತೆ, ಆಂಟೆನಾ ಕೆಳಗೆ ನಿಂತಾಗ ಮೈನಸ್ 70 ಡಿಬಿಎಂ (ಸಿಗ್ನಲ್ ಪವರ್ ಅಳೆಯೋ ಮಾನ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸೊರಗಿದೆ ಅಂತ) ತೋರಿಸ್ತಿದ್ದ ಮೀಟರ್ರು ಎರಡು ಗೋಡೆ, ಒಂದು ಕಬ್ಬಿಣದ ಬಾಗಿಲು ದಾಟಿ ಮೆಟ್ಟಿಲ ಹತ್ರ ಹೋಗೋಷ್ಟರಲ್ಲಿ ಮೈನಸ್ 110ಕ್ಕೆ ಇಳಿದಿರುತ್ತೆ. ಬರೀ ನಲವತ್ತು ಅಂಕಿ ವ್ಯತ್ಯಾಸ ಅಲ್ವಾ ಅಂತ ಅನ್ಸುತ್ತೆ, ಆದ್ರೆ ಡೆಸಿಬೆಲ್ ಲೆಕ್ಕದಲ್ಲಿ ನಲವತ್ತು ಅಂದ್ರೆ ಹತ್ತು ಸಾವಿರ ಪಟ್ಟು. ಒಂದೇ ಮಹಡಿ, ಒಂದೇ ನೆಟ್‌ವರ್ಕು, ಇಬ್ಬರೂ ಕೊಡೋದು ಒಂದೇ ಬಿಲ್ಲು, ಸಿಗೋ ಸಿಗ್ನಲ್ಲಲ್ಲಿ ಹತ್ತು ಸಾವಿರ ಪಟ್ಟು ಅಂತರ.

ಈಗ ಒಂದು ಲೆಕ್ಕ ಮಾಡೋಣ, ಕ್ಯಾಲ್ಕುಲೇಟರ್ ಇದ್ರೆ ಯಾರು ಬೇಕಾದ್ರೂ ಮಾಡಬಹುದು. ಎರಡು ಫೋನು ಅಂದ್ಕೊಳ್ಳಿ, ಒಂದು ಹತ್ತಿರದ್ದು ಒಂದು ದೂರದ್ದು, ಎರಡಕ್ಕೂ ತಲಾ 10 ಮೆಗಾಹರ್ಟ್ಜ್ ಬೇರೆ ಬೇರೆ ಬ್ಯಾಂಡ್ (ಸಿಗ್ನಲ್ ಹೋಗೋಕೆ ಮೀಸಲಾದ ತರಂಗಾಂತರದ ಪಟ್ಟಿ) ಕೊಟ್ಟಿದೆ, ಹಂಚೋಕೆ ಒಟ್ಟು 8 ವ್ಯಾಟ್ ಇದೆ. ಹತ್ತಿರದ ಫೋನಿಗೆ 1 ವ್ಯಾಟ್ ಕಳಿಸಿದ್ರೆ ನಾಯ್ಸ್‌ಗಿಂತ, ಅಂದ್ರೆ ಯಾವಾಗಲೂ ಇರೋ ರೇಡಿಯೋ ಗದ್ದಲಕ್ಕಿಂತ, 100 ಪಟ್ಟು ಜೋರಾಗಿ ತಲುಪುತ್ತೆ, ದೂರದ್ದಕ್ಕೆ ಅದೇ 1 ವ್ಯಾಟ್ ನಾಯ್ಸ್‌ನ ಹತ್ತನೇ ಒಂದು ಭಾಗದಷ್ಟು ಮಾತ್ರ ತಲುಪುತ್ತೆ. ಇಷ್ಟು ಗೊತ್ತಿದ್ರೆ ಗರಿಷ್ಠ ಎಷ್ಟು ಸ್ಪೀಡ್ ಸಾಧ್ಯ ಅಂತ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲೇ ಸೂತ್ರ ಕೊಟ್ಟಿದ್ದಾರೆ.

ಒಟ್ಟು ಸ್ಪೀಡ್ ಆದಷ್ಟು ಜಾಸ್ತಿ ಆಗ್ಬೇಕು ಅನ್ನೋದೊಂದೇ ಗುರಿ ಇಟ್ಕೊಂಡ್ರೆ ಸೂತ್ರ ಏನು ಹೇಳುತ್ತೆ ಗೊತ್ತಾ, 8 ವ್ಯಾಟ್ ಪೂರ್ತಿ ಹತ್ತಿರದ ಫೋನಿಗೆ ಸುರೀರಿ ಅನ್ನುತ್ತೆ. ಅದಕ್ಕೆ 96.5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ), ದೂರದ್ದಕ್ಕೆ ಸೊನ್ನೆ. ಸರಾಸರಿ 48 ಅಂತ ಹಾಕಿದ್ರೆ ಪತ್ರಿಕೆಯಲ್ಲಿ ಚೆಂದಾಗೇ ಕಾಣುತ್ತೆ. ಅದೇ 8 ವ್ಯಾಟನ್ನ ಸಮವಾಗಿ ನಾಲ್ಕು ನಾಲ್ಕು ಹಂಚಿದ್ರೆ ಹತ್ತಿರದ್ದು 86.5ಕ್ಕೆ ಇಳಿಯುತ್ತೆ, ದೂರದ್ದು 4.85ಕ್ಕೆ ಏರುತ್ತೆ. ಅರ್ಧ ಪವರ್ ಕಿತ್ಕೊಂಡ್ರೂ ಹತ್ತಿರದ ಫೋನು ಕಳ್ಕೊಂಡಿದ್ದು ಬರೀ ಶೇಕಡ 10, ಯಾಕಂದ್ರೆ ಸಿಗ್ನಲ್ ಚೆನ್ನಾಗಿರೋ ಕಡೆ ಪವರ್ ಡಬಲ್ ಮಾಡಿದ್ರೂ ಸ್ಪೀಡ್ ಒಂಚೂರು ಮಾತ್ರ ಏರುತ್ತೆ, ಸಿಗ್ನಲ್ ಸೊರಗಿರೋ ಕಡೆ ಪವರ್ ಡಬಲ್ ಆದ್ರೆ ಸ್ಪೀಡೂ ಹೆಚ್ಚು ಕಮ್ಮಿ ಡಬಲ್ ಆಗುತ್ತೆ. ಹಂಗಿದ್ರೂ ಸರಾಸರಿ 45.7ಕ್ಕೆ ಇಳೀತು ನೋಡಿ, ನಿಮ್ಮ ಪಟ್ಟಿಯಲ್ಲಿ ಈ ನೆಟ್‌ವರ್ಕು ಆ ಸೊನ್ನೆ ಕೊಟ್ಟ ನೆಟ್‌ವರ್ಕಿಗಿಂತ ಕೆಳಗೆ ಬರುತ್ತೆ! ನನಗೆ ಸಿಟ್ಟು ಬರೋದು ಇಲ್ಲೇ.

ಹಾಗಂತ ಇಬ್ಬರಿಗೂ ತದ್ವತ್ ಒಂದೇ ಸ್ಪೀಡ್ ಸಿಗೋ ಹಾಗೆ ಹಂಚಿ ಅಂತ ಹಠ ಹಿಡಿದ್ರೆ ಇನ್ನೊಂದು ತುದಿಗೆ ಹೋಗ್ತೀವಿ. ಅತಿ ಕಮ್ಮಿ ಸಿಗೋನಿಗೆ ಆದಷ್ಟು ಜಾಸ್ತಿ ಸಿಗಲಿ ಅನ್ನೋ ನಿಯಮ ಇದು, ನಮ್ಮ ಕ್ಷೇತ್ರದಲ್ಲಿ ಮ್ಯಾಕ್ಸ್-ಮಿನ್ ಅಂತೀವಿ. ಆಗ 8 ವ್ಯಾಟಲ್ಲಿ 7.99 ವ್ಯಾಟ್ ದೂರದ ಫೋನಿಗೇ ಹೋಗುತ್ತೆ, ಹತ್ತಿರದ್ದಕ್ಕೆ ನೂರನೇ ಒಂದು ಭಾಗ ವ್ಯಾಟೂ ಉಳಿಯಲ್ಲ, ಇಬ್ಬರಿಗೂ ತಲಾ 8.5 ಎಂಬಿಪಿಎಸ್. ಒಟ್ಟು 96.5 ಇದ್ದಿದ್ದು 17ಕ್ಕೆ ಬಂತು, ಶೇಕಡ 82 ನಷ್ಟ. ಸಮಾನತೆ ಸಿಕ್ತು ನಿಜ, ಆದ್ರೆ ಇದನ್ನ ತೋರಿಸೇ ಎಷ್ಟೋ ಜನ ನ್ಯಾಯವಾಗಿ ಹಂಚೋದು ಕೈಗೆಟುಕದ ಮಾತು ಅಂತ ತಳ್ಳಿಹಾಕ್ತಾರೆ.

ಮಧ್ಯದ ದಾರಿ ಇದೆ. ಫ್ರ್ಯಾಂಕ್ ಕೆಲ್ಲಿ ಅನ್ನೋ ಗಣಿತಜ್ಞರು 1990ರ ದಶಕದ ಕೊನೆಯಲ್ಲಿ ನೆಟ್‌ವರ್ಕುಗಳಿಗೆ ಅಂತ ರೂಪಿಸಿದ ಪ್ರೊಪೋರ್ಷನಲ್ ಫೇರ್‌ನೆಸ್, ಇದರಲ್ಲಿ ಸ್ಪೀಡುಗಳನ್ನ ಕೂಡಿಸೋ ಬದಲು ಗುಣಿಸಿ ನೋಡ್ತಾರೆ, ಗುಣಲಬ್ಧ ಆದಷ್ಟು ದೊಡ್ಡದಾಗೋ ಹಾಗೆ ಹಂಚ್ತಾರೆ. ಕೂಡಿಸಿದಾಗ ಒಬ್ಬನ ಸೊನ್ನೆ ಮರೆಯಾಗುತ್ತೆ, ಗುಣಿಸಿದಾಗ ಒಬ್ಬನಿಗೆ ಸೊನ್ನೆ ಅಂದ್ರೆ ಇಡೀ ಲೆಕ್ಕವೇ ಸೊನ್ನೆ, ಅಷ್ಟು ಸರಳ. ನಮ್ಮ ಲೆಕ್ಕದಲ್ಲಿ ಆಗ ದೂರದ್ದಕ್ಕೆ 6.4 ವ್ಯಾಟ್, ಹತ್ತಿರದ್ದಕ್ಕೆ 1.6 ವ್ಯಾಟ್ ಬರುತ್ತೆ. ಸ್ಪೀಡ್ 7.1 ಮತ್ತು 73.3. ದೂರದೋನಿಗೆ ಮ್ಯಾಕ್ಸ್-ಮಿನ್ ಕೊಡ್ತಿದ್ದ 8.5ಕ್ಕೆ ಹತ್ತಿರ ಹತ್ತಿರ ಸಿಕ್ತು, ಹತ್ತಿರದೋನು ಕಳ್ಕೊಂಡಿದ್ದು ಕಾಲು ಭಾಗಕ್ಕಿಂತ ಕಮ್ಮಿ. ಇದೇ ತತ್ವದ ಮೇಲೆ ಸರದಿ ಹಂಚೋ ಶೆಡ್ಯೂಲರ್‌ಗಳು 3ಜಿ ಕಾಲದಿಂದಲೇ ಬೇಸ್ ಸ್ಟೇಷನ್‌ಗಳಲ್ಲಿ ಓಡ್ತಾ ಇವೆ, ಹಾಗಾಗಿ ಇದು ಪುಸ್ತಕದ ಬದನೆಕಾಯಿ ಅಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ನ್ಯಾಯಕ್ಕೂ ದಕ್ಷತೆಗೂ ಯಾವಾಗಲೂ ಜಗಳ, ಏನೋ ಒಂದು ರಾಜಿ ಮಾಡ್ಕೋಬೇಕು ಅಂತ ಅನ್ಸುತ್ತೆ. ನಾನು ಹೇಳಬೇಕು ಅಂತಿರೋದು ಇದರ ಮುಂದಿನ ಮಾತು. ಆ ಜಗಳ ಇಷ್ಟು ಜೋರಾಗಿರೋದು ಆಂಟೆನಾ ಎಲ್ಲ ಒಂದೇ ಕಡೆ ಗುಂಪಾಗಿ ನಿಂತಿರೋದ್ರಿಂದ.

ಅದೇ ಲೆಕ್ಕ, ಅದೇ 8 ವ್ಯಾಟ್. ಈಗ ಆಂಟೆನಾಗಳನ್ನ ಹರಡಿ ಹಾಕಿದ್ವಿ, ದೂರದ ಫೋನಿಗೆ ಒಂದು ಆಂಟೆನಾ ಮೊದಲಿಗಿಂತ ನಾಲ್ಕನೇ ಒಂದು ದೂರದಲ್ಲೇ ಸಿಗ್ತಿದೆ, ಹತ್ತಿರದ ಫೋನಿನ ಸ್ಥಿತಿ ಹಾಗೇ ಇದೆ ಅಂತ ಇಟ್ಕೊಳ್ಳಿ. ಗೋಡೆಗಳಿರೋ ಕಡೆ ದೂರ ಎರಡು ಪಟ್ಟಾದ್ರೆ ಹದಿನಾರು ಪಟ್ಟು ಅಂತ ಮೇಲೆ ಹೇಳಿದ್ನಲ್ಲ, ಆ ಲೆಕ್ಕದಲ್ಲಿ ದೂರ ಕಾಲು ಭಾಗಕ್ಕೆ ಇಳಿದ್ರೆ ಸಿಗ್ನಲ್ 256 ಪಟ್ಟು ಏರುತ್ತೆ. ಈಗ ಆ ಕಠಿಣ ಮ್ಯಾಕ್ಸ್-ಮಿನ್ ನಿಯಮವನ್ನೇ ಹಾಕಿ ನೋಡಿ, ಇಬ್ಬರಿಗೂ ತಲಾ 73.6 ಎಂಬಿಪಿಎಸ್, ಒಟ್ಟು 147. ನ್ಯಾಯ ಗೀಯ ಎಲ್ಲ ಬದಿಗಿಟ್ಟು ಬರೀ ಒಟ್ಟು ಮೊತ್ತ ಹೆಚ್ಚಿಸಿದ್ರೆ ಎಷ್ಟು ಬರುತ್ತೆ ಅಂದ್ರೆ 153. ವ್ಯತ್ಯಾಸ ಶೇಕಡ 4. ಅಲ್ಲಿ ಸಮಾನವಾಗಿ ಹಂಚೋಕೆ ಶೇಕಡ 82 ದಂಡ ತೆತ್ತಿದ್ವಿ, ಇಲ್ಲಿ ಬರೀ 4. ಅಂದ್ರೆ ಆಂಟೆನಾ ಹರಡಿದ ಮೇಲೂ ಒಟ್ಟು ಸ್ಪೀಡ್ ಹೋಗಿಬಿಡುತ್ತೆ ಅನ್ನೋ ನೆಪ ಹೇಳಿ ಮೂಲೆಯೋನನ್ನ ಬಿಟ್ಟುಬಿಟ್ರೆ ಆ ನೆಪ ನಿಲ್ಲಲ್ಲ.

ನಿಜದ ನೆಟ್‌ವರ್ಕಲ್ಲಿ ಎರಡು ಫೋನು ಇರಲ್ಲ, ಎಲ್ರೂ ಒಂದೇ ಬ್ಯಾಂಡಲ್ಲಿ ಇರ್ತಾರೆ, ಒಬ್ಬನಿಗೆ ಕಳಿಸಿದ ಪವರ್ ಇನ್ನೊಬ್ಬನಿಗೆ ಇಂಟರ್‌ಫಿಯರೆನ್ಸ್, ಅಂದ್ರೆ ಅಡ್ಡಿ, ಆಗುತ್ತೆ, ಅದೆಲ್ಲ ಸರಿ. ಆದ್ರೆ ದೊಡ್ಡ ಲೆಕ್ಕದಲ್ಲೂ ದಿಕ್ಕು ಅದೇ. 2017ರಲ್ಲಿ ನ್ಗೋ, ಆಶಿಕ್ಮಿನ್, ಯಾಂಗ್, ಲಾರ್ಸನ್, ಮಾರ್ಜೆಟ್ಟಾ ಅನ್ನೋ ಸಂಶೋಧಕರು ಸೆಲ್-ಫ್ರೀ ಮ್ಯಾಸಿವ್ ಮೈಮೋ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ರು. ಅದರಲ್ಲಿ ಸೆಲ್ (ಒಂದು ಟವರ್ ನೋಡ್ಕೊಳ್ಳೋ ಪ್ರದೇಶ) ಅನ್ನೋ ಗಡಿಯೇ ಇಲ್ಲ, ಹರಡಿರೋ ನೂರಾರು ಆಂಟೆನಾ ಎಲ್ಲ ಸೇರಿ ಎಲ್ಲ ಫೋನುಗಳಿಗೂ ಒಟ್ಟಿಗೆ ಸೇವೆ ಕೊಡುತ್ತೆ, ಪವರ್ ಹಂಚೋದು ಮ್ಯಾಕ್ಸ್-ಮಿನ್ ಪ್ರಕಾರ. ಶೇಕಡ 95 ಜನಕ್ಕೆ ಖಾತ್ರಿಯಾಗಿ ಸಿಗೋ ಸ್ಪೀಡ್ ಎಷ್ಟು ಅಂತ ನೋಡಿದಾಗ, ಪ್ರತಿ ಸಣ್ಣ ಸೆಲ್ಲೂ ತನ್ನ ಪಾಡಿಗೆ ತಾನು ಕೆಲಸ ಮಾಡೋ ವ್ಯವಸ್ಥೆಗಿಂತ ಇದರಲ್ಲಿ ಐದರಿಂದ ಹತ್ತು ಪಟ್ಟು ಜಾಸ್ತಿ ಬಂತು. ಅವರು ಅಳತೆಗೆ ಆರಿಸ್ಕೊಂಡಿದ್ದು ಸರಾಸರಿಯನ್ನಲ್ಲ, ಬಾಲದ ತುದಿಯನ್ನ, ಅಂದ್ರೆ ಅತಿ ಕಮ್ಮಿ ಸಿಗೋರನ್ನ, ಅದು ನನಗೆ ಬಹಳ ಹಿಡಿಸ್ತು.

ಇಷ್ಟೊಂದು ಆಂಟೆನಾ, ಇಷ್ಟೊಂದು ಫೋನು, ಇದನ್ನ ಲೆಕ್ಕ ಹಾಕೋದು ಯಾರು ಅಂತ ಕೇಳಬಹುದು. ವಿಧಾನ ಅಷ್ಟೇನೂ ಕಷ್ಟದ್ದಲ್ಲ. ಎಲ್ರಿಗೂ ಇಷ್ಟು ಸ್ಪೀಡ್ ಕೊಡಕ್ಕೆ ಸಾಧ್ಯಾನಾ ಅಂತ ಒಂದು ಅಂಕಿ ಇಟ್ಟು ಕೇಳೋದು, ಸಾಧ್ಯ ಅಂದ್ರೆ ಏರಿಸೋದು, ಇಲ್ಲ ಅಂದ್ರೆ ಇಳಿಸೋದು, ಪ್ರತಿ ಸಲ ಅಂತರ ಅರ್ಧ ಮಾಡ್ತಾ ಹೋದ್ರೆ ಬೇಗ ಉತ್ತರಕ್ಕೆ ಬಂದು ನಿಲ್ಲುತ್ತೆ. ಜತೆಗೆ ಈ ಹಂಚಿಕೆ ನಿಂತಿರೋದು ದೂರ ಮತ್ತು ಗೋಡೆಗಳಿಂದ ಆಗೋ ನಿಧಾನದ ಏರಿಳಿತದ ಮೇಲೆ, ಹಾಗಾಗಿ ಕ್ಷಣ ಕ್ಷಣಕ್ಕೂ ಹೊಸದಾಗಿ ಲೆಕ್ಕ ಹಾಕ್ಬೇಕಾಗಿಲ್ಲ. ಫೋನಿಂದ ಟವರ್ ಕಡೆಗೆ ಹೋಗೋ ಸಿಗ್ನಲ್ಲಲ್ಲಂತೂ ಈ ಶಿಸ್ತು ಹಳೇದು, 3ಜಿಯ ಡಬ್ಲ್ಯೂಸಿಡಿಎಂಎ ಅನ್ನೋ ರೇಡಿಯೋ ವ್ಯವಸ್ಥೆ ಪ್ರತಿ ಫೋನಿಗೂ ಸೆಕೆಂಡಿಗೆ 1500 ಸಲ ಪವರ್ ಏರಿಸು ಇಳಿಸು ಅಂತ ಹೇಳ್ತಿತ್ತು, ಇಲ್ಲಾಂದ್ರೆ ಹತ್ತಿರದೋನ ಕೂಗಲ್ಲಿ ದೂರದೋನ ದನಿ ಮುಳುಗಿ ಹೋಗ್ತಿತ್ತು.

ಈಗ ನನ್ನ ಕೆಲಸದ ಒಂದು ಸಣ್ಣ ವಿಷಯ. ಹರಡಿದ ಆಂಟೆನಾ ಅನ್ನೋದು ಹೊಸ ಫ್ಯಾಷನ್ ಅಲ್ಲ, ಕಟ್ಟಡದೊಳಗೆ ಹೀಗೆ ಮಾಡಬಹುದು ಅಂತ ಸಾಲೇ, ರಸ್ಟಾಕೊ, ರೋಮನ್ ಅನ್ನೋ ಮೂವರು 1987ರಲ್ಲೇ ಬರೆದಿದ್ದಾರೆ. ಒಂದು ಕೇಬಲ್ ಎಳೆದು ನಾಲ್ಕು ಆಂಟೆನಾ ಹಾಕೋ ಸರಳ ಕೆಲಸ ತಗೊಳ್ಳಿ. ಅವಸರದಲ್ಲಿ ಮಾಡೋರು ಪ್ರತಿ ಆಂಟೆನಾ ಹತ್ರ ಪವರನ್ನ ಅರ್ಧ ಅರ್ಧ ಮಾಡೋ ಸ್ಪ್ಲಿಟರ್ ಹಾಕ್ಕೊಂಡು ಹೋಗಿಬಿಡ್ತಾರೆ, ಮೊದಲನೇ ಆಂಟೆನಾಗೆ ಅರ್ಧ ಹೋಯ್ತು, ಎರಡನೇದಕ್ಕೆ ಉಳಿದಿದ್ದರಲ್ಲಿ ಅರ್ಧ ಅಂದ್ರೆ ಕಾಲು, ಕೊನೇ ಎರಡಕ್ಕೆ ಎಂಟನೇ ಒಂದೊಂದು ಭಾಗ, ಅದರ ಮೇಲೆ ಕೇಬಲ್ ಉದ್ದ ಆದಷ್ಟೂ ಅದರಲ್ಲೇ ಒಂದಷ್ಟು ಸೋರಿ ಹೋಗಿರುತ್ತೆ. ಕಾಲುವೆಯ ಮೇಲ್ಭಾಗದೋರು ನೀರು ತಿರುಗಿಸ್ಕೊಂಡ ಮೇಲೆ ಕೊನೇ ಜಮೀನಿಗೆ ಉಳಿಯೋ ಹಾಗೆ. ಸರಿಯಾಗಿ ಮಾಡೋರು ಸ್ಪ್ಲಿಟರ್ ಬದಲು ಬೇರೆ ಬೇರೆ ಅಳತೆಯ ಕಪ್ಲರ್ ಹಾಕ್ತಾರೆ, ಮೊದಲನೇದು ಬಂದಿದ್ದರಲ್ಲಿ ಕಾಲು ಭಾಗ ಮಾತ್ರ ತಗೊಳ್ಳುತ್ತೆ, ಎರಡನೇದು ಉಳಿದಿದ್ದರಲ್ಲಿ ಮೂರನೇ ಒಂದು, ಮೂರನೇದು ಅರ್ಧ, ಹೀಗೆ ನಾಲ್ಕಕ್ಕೂ ಸಮ ಸಮ. ಅಂಗೈಯಲ್ಲಿ ಹಿಡಿಯೋ ಸಣ್ಣ ಲೋಹದ ಡಬ್ಬಿ ಅದು, ಅದರ ಮೇಲೆ 6 ಡಿಬಿ (ಕಾಲು ಭಾಗ) ಅಂತ ಬರೆದಿದ್ಯಾ 3 ಡಿಬಿ (ಅರ್ಧ) ಅಂತ ಬರೆದಿದ್ಯಾ ಅನ್ನೋದ್ರ ಮೇಲೆ ಕಾರಿಡಾರ್ ಕೊನೇ ರೂಮಿನೋರಿಗೆ ಕಾಲ್ ಸಿಗುತ್ತಾ ಇಲ್ವಾ ಅಂತ ತೀರ್ಮಾನ ಆಗುತ್ತೆ.

ಆದ್ರೆ ಕಪ್ಲರ್ ಸರಿ ಹಾಕಿದ್ರೂ ಕೆಲಸ ಪೂರ್ತಿ ಆಗಲ್ಲ. ಆಂಟೆನಾಗಳಿಗೆ ಸಮವಾಗಿ ಪವರ್ ಕೊಟ್ರೆ ಜನಕ್ಕೆ ಸಮವಾಗಿ ಸೇವೆ ಸಿಕ್ಕಂಗಲ್ಲ. ಬರೀ ಕೇಬಲ್ಲು ಕಪ್ಲರ್ರಿನ ವ್ಯವಸ್ಥೆಯಲ್ಲಿ ಎಲ್ಲ ಆಂಟೆನಾಗಳಿಂದಲೂ ಒಂದೇ ಸಿಗ್ನಲ್ ಹೊರಡುತ್ತೆ, ಈ ಫೋನಿಗೆ ಈ ಆಂಟೆನಾದಿಂದ ಜಾಸ್ತಿ ಕಳಿಸು ಅಂತ ಹೇಳೋಕೆ ಆಗೋದೇ ಇಲ್ಲ. ಪ್ರತಿ ಆಂಟೆನಾಗೂ ತನ್ನದೇ ಆಂಪ್ಲಿಫೈಯರ್, ಫೈಬರಲ್ಲಿ ಬೇರೆ ಬೇರೆ ಸಿಗ್ನಲ್ ಹೋಗೋ ವ್ಯವಸ್ಥೆ ಇದ್ರೆ ಮಾತ್ರ ಅದು ಸಾಧ್ಯ. ಅಲ್ಲೂ ಒಂದು ಮಿತಿ ಇದೆ, ಇದನ್ನ ಪ್ಲಾನ್ ಮಾಡೋರೇ ಎಷ್ಟೋ ಸಲ ಮರೀತಾರೆ: ಪ್ರತಿ ಆಂಪ್ಲಿಫೈಯರ್‌ಗೂ ಅದರದ್ದೇ ಮೇಲ್ಮಿತಿ ಇರುತ್ತೆ, ಆ ತುದಿಯಲ್ಲಿ ಸುಮ್ನೆ ಉಳಿದಿರೋ ವ್ಯಾಟನ್ನ ಈ ತುದಿಗೆ ತಂದು ಸುರಿಯೋಕಾಗಲ್ಲ. ನಾನು ಮೇಲೆ 8 ವ್ಯಾಟನ್ನ ಇಷ್ಟ ಬಂದಂಗೆ ಹಂಚಿದೆ, ನಿಜದಲ್ಲಿ ಎಂಟು ಆಂಟೆನಾಗೆ ತಲಾ 1 ವ್ಯಾಟ್ ಮಿತಿ ಇದ್ರೆ ಮೂಲೆಯೋನ ಹತ್ತಿರದ ಆಂಟೆನಾ 1 ವ್ಯಾಟ್ ಮುಟ್ಟಿದ ಮೇಲೆ ಸಾಫ್ಟ್‌ವೇರ್ ಎಷ್ಟೇ ಜಾಣ ಆಗಿದ್ರೂ ಕೈಚೆಲ್ಲಬೇಕು. ಅದಕ್ಕೇ ನ್ಯಾಯವಾಗಿ ಹಂಚೋ ಲೆಕ್ಕ ಆಂಟೆನಾ ಎಲ್ಲಿ ಹಾಕ್ಬೇಕು ಅಂತ ನಕ್ಷೆ ಮೇಲೆ ಗುರುತು ಹಾಕೋ ದಿನವೇ ಶುರು ಆಗ್ಬೇಕು, ಎಲ್ಲ ಮುಗಿದ ಮೇಲೆ ಸೆಟ್ಟಿಂಗ್ಸ್ ಬದಲಾಯಿಸಿ ಸರಿ ಮಾಡ್ತೀವಿ ಅಂದ್ರೆ ಆಗಲ್ಲ.

ಮ್ಯಾಕ್ಸ್-ಮಿನ್ ಬಗ್ಗೆ ಒಂದು ನ್ಯಾಯವಾದ ಆಕ್ಷೇಪಣೆ ಇದೆ, ಅದನ್ನ ನಾನು ಒಪ್ತೀನಿ. ಒಬ್ಬ ಲಿಫ್ಟ್ ಒಳಗೆ ಹೋದ, ಕಬ್ಬಿಣದ ಪೆಟ್ಟಿಗೆ ಅದು, ಅವನ ಸಿಗ್ನಲ್ ಪಾತಾಳಕ್ಕೆ ಬಿತ್ತು, ಈಗ ಅವನಿಗೂ ಸಮ ಕೊಡ್ಬೇಕು ಅಂತ ನಿಯಮ ಪಟ್ಟು ಹಿಡಿದ್ರೆ ಮಹಡಿಯ ಎಲ್ರೂ ಅವನ ಮಟ್ಟಕ್ಕೆ ಇಳೀಬೇಕಾಗುತ್ತೆ. ಹಾಗಾಗಿ ನನ್ನ ಅಭಿಪ್ರಾಯ ಏನಂದ್ರೆ ಎಲ್ರಿಗೂ ಒಂದು ಕನಿಷ್ಠ ಮಟ್ಟ ಗೊತ್ತು ಮಾಡಿ, ಕಾಲ್ ಕಟ್ ಆಗಬಾರದು, ವಿಡಿಯೋ ಕಾಲಲ್ಲಿ ಮುಖ ನಿಂತ್ಕೋಬಾರದು, ಅಷ್ಟು ಕೊಟ್ಟ ಮೇಲೆ ಉಳಿದಿದ್ದನ್ನ ಕೆಲ್ಲಿಯವರ ಗುಣಾಕಾರದ ಪ್ರಕಾರ ಹಂಚಿ. ಆ ಕನಿಷ್ಠ ಮಟ್ಟ ಪದೇ ಪದೇ ಒಂದೇ ಜಾಗದಲ್ಲಿ ತಪ್ಪಿ ಹೋಗ್ತಿದ್ರೆ ಪವರ್ ಹಂಚಿಕೆ ಏನೂ ಮಾಡಕ್ಕಾಗಲ್ಲ ಅಂತ ಅರ್ಥ, ಅಲ್ಲಿಗೆ ಇನ್ನೊಂದು ಆಂಟೆನಾ ಬೇಕು, ಅಷ್ಟೇ.

ಕನಿಷ್ಠ ಮಟ್ಟ ಅಂತ ಯಾಕಿಷ್ಟು ಒತ್ತಿ ಹೇಳ್ತೀನಿ ಅಂದ್ರೆ ಈಗ ವಿದ್ಯುತ್ ಉಳಿತಾಯದ ಮಾತು ಜೋರಾಗಿದೆ. ಒಳ್ಳೇದೇ, ನೆಟ್‌ವರ್ಕ್ ಕರೆಂಟ್ ಕಮ್ಮಿ ತಿನ್ನಬೇಕು ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಜೂಲಿಗೆ (ಒಂದು ವ್ಯಾಟ್ ಒಂದು ಸೆಕೆಂಡ್ ಓಡಿದ್ರೆ ಖರ್ಚಾಗೋ ಶಕ್ತಿ) ಎಷ್ಟು ಬಿಟ್ ಕಳಿಸಿದ್ವಿ ಅನ್ನೋದನ್ನೇ ಏಕೈಕ ಗುರಿ ಮಾಡಿದ್ರೆ ಮೂಲೆಯೋನಿಗೆ ಇನ್ನೂ ದೊಡ್ಡ ಪೆಟ್ಟು. ಆಂಟೆನಾ ಹರಡೋಕೆ ಮುಂಚಿನ ನಮ್ಮ ಲೆಕ್ಕಕ್ಕೇ ಸರ್ಕ್ಯೂಟುಗಳಿಗೆ ಅಂತ 2 ವ್ಯಾಟ್ ಸೇರಿಸಿ ನೋಡಿ. ಹತ್ತಿರದ ಫೋನಿಗೆ 1 ವ್ಯಾಟ್ ಕೊಟ್ಟು ದೂರದೋನನ್ನ ಪೂರ್ತಿ ಕೈಬಿಟ್ರೆ ಒಂದು ಜೂಲಿಗೆ ಸುಮಾರು 22 ಮೆಗಾಬಿಟ್ ಬರುತ್ತೆ, ಇಬ್ಬರನ್ನೂ ನೋಡ್ಕೊಳ್ಳೋ ಪ್ರೊಪೋರ್ಷನಲ್ ಹಂಚಿಕೆಯಲ್ಲಿ ಬರೀ 8. ಕಾಗದದ ಮೇಲೆ ಒಬ್ಬನನ್ನ ಕತ್ತಲಲ್ಲಿ ಇಟ್ಟ ನೆಟ್‌ವರ್ಕು ಸುಮಾರು ಮೂರು ಪಟ್ಟು ಹಸಿರು ಅನ್ನಿಸ್ಕೊಳ್ಳುತ್ತೆ! ಅವನಿಗೆ ಇಷ್ಟಾದ್ರೂ ಕೊಡಲೇಬೇಕು ಅಂತ ಷರತ್ತು ಹಾಕಿ, ಆ ಷರತ್ತಿನ ಒಳಗೆ ಉಳಿತಾಯ ಮಾಡಿ ಅನ್ನೋದು ಸರಿಯಾದ ದಾರಿ, ಆಂಟೆನಾ ಹತ್ತಿರ ಬಂದ್ರೆ ಅವನ ಫೋನಿನ ಬ್ಯಾಟರಿಯೂ ಉಳಿಯುತ್ತೆ. 4ಜಿ ಫೋನು ಸಾಮಾನ್ಯವಾಗಿ ಗರಿಷ್ಠ 200 ಮಿಲಿವ್ಯಾಟ್ ಕಳಿಸಬಹುದು, ಮೂಲೆಯಲ್ಲಿ ಕೂತ ಫೋನು ಯಾವಾಗಲೂ ಆ ಗರಿಷ್ಠದ ಹತ್ತಿರವೇ ಕಿರುಚ್ತಾ ಇರುತ್ತೆ.

ಅಳತೆಗೆ ಬರೋಣ. ಜೈನ್ ಸೂಚ್ಯಂಕ ಅಂತ ಒಂದಿದೆ, 1984ರಿಂದ ಬಳಕೆಯಲ್ಲಿದೆ, ಎಲ್ರಿಗೂ ಸಮ ಸಿಕ್ಕಿದ್ರೆ 1, ಹತ್ತು ಜನರಲ್ಲಿ ಒಬ್ಬನಿಗೇ ಎಲ್ಲ ಹೋದ್ರೆ 0.1. ಉಪಯೋಗಕ್ಕೆ ಬರುತ್ತೆ, ಆದ್ರೆ ಎಲ್ರಿಗೂ ಸಮವಾಗಿ ಕೆಟ್ಟ ಸೇವೆ ಕೊಟ್ರೂ ಅದು 1 ಅಂತಲೇ ಹೇಳುತ್ತೆ, ಹಾಗಾಗಿ ಅದೊಂದನ್ನೇ ನಂಬೋಕಾಗಲ್ಲ. ಅದಕ್ಕಿಂತ ಒಳ್ಳೇದು, ಮತ್ತೆ ಪತ್ರಿಕೆ ಓದೋರಿಗೂ ಸುಲಭವಾಗಿ ಅರ್ಥ ಆಗೋದು, ಕೆಳಗಿನ ಶೇಕಡ 5ರ ಅಂಕಿ. ಬಳಕೆದಾರರನ್ನೆಲ್ಲ ಸ್ಪೀಡಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಕೆಳಗಿನಿಂದ ನೂರಕ್ಕೆ ಐದನೇಯವನಿಗೆ ಎಷ್ಟು ಸಿಗ್ತಿದೆ ಅಂತ ನೋಡೋದು. ಇದು ನನ್ನ ಸೃಷ್ಟಿ ಅಲ್ಲ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 5ಜಿಗೆ ಅಂತ 2017ರಲ್ಲಿ ಹೊರಡಿಸಿದ ಕನಿಷ್ಠ ಅಗತ್ಯಗಳಲ್ಲೇ ಇದೆ. ಅದರಲ್ಲಿ ಗರಿಷ್ಠ ಡೌನ್‌ಲೋಡ್ ಸ್ಪೀಡ್ 20 ಜಿಬಿಪಿಎಸ್ (ಅಂದ್ರೆ 20,000 ಎಂಬಿಪಿಎಸ್), ಆದ್ರೆ ಜನದಟ್ಟಣೆ ಇರೋ ನಗರದಲ್ಲಿ ಈ ಶೇಕಡ 5ರ ಜಾಗದಲ್ಲಿರೋನಿಗೆ ಸಿಗಬೇಕಾದ್ದು 100 ಎಂಬಿಪಿಎಸ್. ಮೊದಲನೇದು ಆದರ್ಶ ಸ್ಥಿತಿಯ ಅಂಕಿ, ಎರಡನೇದು ಜನ ಅನುಭವಿಸೋ ಅಂಕಿ, ಮಧ್ಯೆ ಇನ್ನೂರು ಪಟ್ಟು ಅಂತರ. 20 ಜಿಬಿಪಿಎಸ್ ಅನ್ನೋದು ಎಲ್ಲ ಜಾಹೀರಾತಲ್ಲೂ ಬಂತು, 100 ಎಂಬಿಪಿಎಸ್ ಬಗ್ಗೆ ಎಷ್ಟು ಜನ ಕೇಳಿದ್ದಾರೆ ಹೇಳಿ.

ನನ್ನ ಕೋರಿಕೆ ಇಷ್ಟು. ನಿಮ್ಮ ವರದಿಗಾರರು ಕಂಪನಿಗಳ ಪತ್ರಿಕಾಗೋಷ್ಠಿಗೆ ಹೋದಾಗ ಗರಿಷ್ಠ ಸ್ಪೀಡ್ ಬರ್ಕೊಂಡು ಬರೋದ್ರ ಜತೆಗೆ ಕೆಳಗಿನ ಶೇಕಡ 5 ಬಳಕೆದಾರರಿಗೆ ಎಷ್ಟು ಸಿಗುತ್ತೆ, ಕನಿಷ್ಠ ಮಟ್ಟ ಅಂತ ಏನಾದ್ರೂ ಇಟ್ಕೊಂಡಿದ್ದೀರಾ, ವಿದ್ಯುತ್ ಉಳಿಸೋಕೆ ರಾತ್ರಿ ಯಾವ ಆಂಟೆನಾ ಆಫ್ ಮಾಡ್ತೀರ, ಆಗ ಅದರ ಕೆಳಗಿರೋರಿಗೆ ಏನು ಸಿಗುತ್ತೆ ಅಂತಲೂ ಕೇಳಲಿ. ಉತ್ತರ ಕೊಡದಿದ್ರೆ ಕೊಡಲಿಲ್ಲ ಅಂತಲೇ ಅಚ್ಚು ಹಾಕಿ. ಮುಂದಿನ ಸಲ ಹೋಲಿಕೆ ಪಟ್ಟಿ ಮಾಡೋವಾಗ ಗರಿಷ್ಠ ಸ್ಪೀಡಿನ ಕಾಲಂ ತೆಗೆದು ಆ ಜಾಗದಲ್ಲಿ ಶೇಕಡ 5ರ ಅಂಕಿ ಹಾಕಿ, ಅದನ್ನ ರಸ್ತೆಯಲ್ಲಿ ಗಾಡಿ ಓಡಿಸಿ ಅಳೆದಿದ್ದೋ ಕಟ್ಟಡದ ಒಳಗೆ ನಡೆದು ಅಳೆದಿದ್ದೋ ಅಂತ ಪಕ್ಕದಲ್ಲಿ ಒಂದು ಸಾಲು ಇರಲಿ.

ಇಂತಿ,
ಕಟ್ಟಡದೊಳಗೆ ಆಂಟೆನಾ ಹಾಕೋ ಕೆಲಸದ ನಿಮ್ಮ ಓದುಗ